ಮಣಿಕಟ್ಟಿನ ಮೇಲಿನ ನಂಬರು

"ನಾವು ಬೀದಿಗೆ ಬಂದ್ಬಿಟ್ವಿ" ಎಂದು ಅಮ್ಮಾವರು ಟೀವಿಯವರ ಮುಂದೆ ಅತ್ತರು. ಅಳುವಾಗ ಅವರು ಕೂತಿದ್ದದ್ದು ಊಟದ ಕೋಣೆಯ ಉದ್ದನೆಯ ಮೇಜಿನ ತುದಿಯಲ್ಲಿ. ಆ ಮೇಜಿನ ಮೇಲೆ ಹಾಸಿದ್ದ ಬಟ್ಟೆಯೊಂದನ್ನೇ ಇಸ್ತ್ರಿ ಮಾಡಲು ಅರ್ಧ ಬೆಳಗು ಹಿಡಿದಿತ್ತು.

ಬೀದಿಗೆ ಬಂದರಂತೆ. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಇಸ್ತ್ರಿ ಪೆಟ್ಟಿಗೆ ಹಿಡಿದು ನಿಂತಿದ್ದವಳಿಗೆ ಆ ಮಾತು ಕಿಟಕಿಯಿಂದ ಕೇಳಿಸಿತು. ಬೀದಿಯಲ್ಲೇ ಹುಟ್ಟಿ ಬೀದಿಯಲ್ಲೇ ನಡೆದು ಬೀದಿಯ ನಲ್ಲಿಯಲ್ಲೇ ನೀರು ಹಿಡಿದು ಬೆಳೆದವಳು ಅವಳು. ಇವರನ್ನು ಅಲ್ಲಿ ಯಾವತ್ತೂ ಕಂಡಿರಲಿಲ್ಲ.

ಆ ಮನೆಯಲ್ಲಿ ಅವಳಿಗೆ ಹೆಸರಿರಲಿಲ್ಲ. "ಏ ಇಸ್ತ್ರಿ" ಅಂದರೆ ಅವಳು ಬರಬೇಕು. ಪೆಟ್ಟಿಗೆಗೂ ಇಸ್ತ್ರಿ, ಅವಳಿಗೂ ಇಸ್ತ್ರಿ. ವ್ಯತ್ಯಾಸ ಇಷ್ಟೇ, ಪೆಟ್ಟಿಗೆ ಕೆಟ್ಟರೆ ರಿಪೇರಿಗೆ ಕಳಿಸುತ್ತಿದ್ದರು. ಅವಳ ಕೈ ಸುಟ್ಟರೆ "ಬಟ್ಟೆಗೆ ಏನೂ ಆಗ್ಲಿಲ್ಲ ತಾನೆ" ಅನ್ನುತ್ತಿದ್ದರು.

ಮನೆಯ ದೊಡ್ಡವರು ಹಿಂದೆ ರಸ್ತೆಗಳ ಮಂತ್ರಿ. ಕಾಗದದ ಮೇಲೆ ರಸ್ತೆ ಹಾಕಿದರು. ಕಾಗದದ ಮೇಲೆ ಡಾಂಬರು ಸುರಿದರು. ಮಳೆಗೆ ಕೊಚ್ಚಿಹೋಯಿತು ಅಂತ ಅದನ್ನೂ ಕಾಗದದ ಮೇಲೇ ಬರೆದು ಮತ್ತೊಂದು ಸಲ ಹಾಕಿದರು. ಅವಳ ಗಲ್ಲಿಗೂ ಅಂಥ ರಸ್ತೆ ಒಂದು ಬಂದಿತ್ತಂತೆ. ಅವಳು ದಿನಾ ಆ ರಸ್ತೆಯ ಕೆಸರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದು, ಹಿತ್ತಲಿನ ನಲ್ಲಿಯಲ್ಲಿ ಕಾಲು ತೊಳೆದು, ಅದೇ ಮಂತ್ರಿಯ ಬಿಳಿ ಅಂಗಿಗೆ ಗಂಜಿ ಹಾಕುತ್ತಿದ್ದಳು.

ಆಮೇಲೆ ದೊಡ್ಡವರು ಚುನಾವಣೆ ಸೋತರು. ಗೆದ್ದವರು ಕೇಸು ಹಾಕಿದರು. ಗೆದ್ದವರೇನೂ ಹಾಲಲ್ಲಿ ಕೈ ತೊಳೆದವರಲ್ಲ. ಅವರಿಗೆ ಬೇಕಾಗಿದ್ದದ್ದು ರಸ್ತೆ ಅಲ್ಲ, ಇವರ ಮಾನ. ಅದು ಬೇರೆ ಮಾತು. ಕಳ್ಳನನ್ನು ಇನ್ನೊಬ್ಬ ಕಳ್ಳ ಹಿಡಿದುಕೊಟ್ಟ ಅಂತ ಮೊದಲನೆಯವನು ಸಾಚಾ ಆಗುವುದಿಲ್ಲ.

ಕೋರ್ಟು ಖಾತೆಗಳಿಗೆ ಬೀಗ ಹಾಕಿತು. ಬೀಗ ಬೀಳದ ಬ್ಯಾಂಕುಗಳೂ ತಾವಾಗಿಯೇ "ನಿಮ್ಮ ಸಹವಾಸ ಸಾಕು" ಅಂದುಬಿಟ್ಟವು. ಅಂಗಡಿಯಲ್ಲಿ ಕಾರ್ಡು ಉಜ್ಜಿದರೆ ಮೆಷಿನ್ನು ಕೊರ್ ಅನ್ನುತ್ತಿತ್ತು. ನಿನ್ನೆ ಮೊನ್ನೆಯವರೆಗೆ ಹಲ್ಲು ಗಿಂಜುತ್ತಿದ್ದ ಮ್ಯಾನೇಜರು ಫೋನೇ ಎತ್ತಲಿಲ್ಲ. "ಒಂದು ಖಾತೆ ತೆರೀರಿ ಅಂತ ನಾವು ಬೇಡ್ಕೋಬೇಕಾ? ನಾವು?" ಎಂದು ಅಮ್ಮಾವರು ಮನೆಯೆಲ್ಲ ತಿರುಗುತ್ತಾ ಕೂಗಿದರು. ಅವಳ ಫೋನನ್ನು ಯಾವ ಮ್ಯಾನೇಜರೂ ಯಾವತ್ತೂ ಎತ್ತಿದವನಲ್ಲ. ಅದಕ್ಕೆ ಅವಳು ಟೀವಿಯವರನ್ನು ಕರೆಸಿರಲಿಲ್ಲ.

ಕೇಸಿನ ಭಾರವೆಲ್ಲ ಬಿದ್ದದ್ದು ಅವಳ ತೋಳಿನ ಮೇಲೆ. ಕೋರ್ಟಿನ ದಿನ ಒಬ್ಬೊಬ್ಬರಿಗೆ ಎರಡೆರಡು ಜೊತೆ. ಒಂದು ಹೋಗುವಾಗ, ಒಂದು ಹೊರಬಂದು ಕ್ಯಾಮೆರಾ ಮುಂದೆ ನಿಲ್ಲುವಾಗ. ಒಳಗೆ ಜಡ್ಜು ಬೆವರಿಳಿಸಿದ್ದು ಹೊರಗೆ ಕಾಣಬಾರದಲ್ಲ. ದೊಡ್ಡವರ ಅಂಗಿಯ ಕಾಲರು ಹಿಡಿದರೆ ಅವಳಿಗೆ ಆವತ್ತಿನ ವಿಚಾರಣೆ ಹೇಗೆ ನಡೆಯಿತು ಅಂತ ತಿಳಿಯುತ್ತಿತ್ತು. ವಾಯಿದೆ ಸಿಕ್ಕ ದಿನ ಕಾಲರು ಒಣಗಿರುತ್ತಿತ್ತು. ಸಾಕ್ಷಿ ನುಡಿದ ದಿನ ಹಿಂಡಿದರೆ ನೀರು ಬರುತ್ತಿತ್ತು. ಲಾಯರ ಕರಿ ಕೋಟುಗಳೂ ಗಂಟು ಕಟ್ಟಿಕೊಂಡು ಇಲ್ಲಿಗೇ ಬರತೊಡಗಿದವು. ಅದಕ್ಕೆ ಕೂಲಿ ಇಲ್ಲ. "ಕೇಸು ಗೆಲ್ಲಿಸ್ಕೊಡೋರು ಕಣೇ, ಅಷ್ಟೂ ಮಾಡ್ಬಾರ್ದಾ?" ಅಂದರು ಅಮ್ಮಾವರು. ಬೆಳಗಿನಿಂದ ಸಂಜೆಯವರೆಗೆ ನಿಂತು ಅವಳ ಮೀನಖಂಡ ಕಲ್ಲಾಗುತ್ತಿತ್ತು. ತಗಡಿನ ಕೆಳಗೆ ಹಬೆ. ಬೆನ್ನಿನ ಬೆವರು ಇಳಿದು ಕಾಲಿಗೆ ಬಂದು ನೆಲ ಒದ್ದೆಯಾಗುತ್ತಿತ್ತು. ಅವರ ಕಷ್ಟ ಪೇಪರಿನಲ್ಲಿ ಬರುತ್ತಿತ್ತು. ಅವಳದು ನೆಲಕ್ಕೆ ಇಳಿದು ಒಣಗುತ್ತಿತ್ತು.

ಒಂದು ದಿನ ಮಗರಾಯ ಶೆಡ್ಡಿಗೆ ಬಂದ. ಆ ಮನೆಯ ಗಂಡಸರು ಶೆಡ್ಡಿನ ಹೊಸ್ತಿಲು ದಾಟಿದ್ದು ಅದೇ ಮೊದಲು. ಮೂಗು ಮುಚ್ಚಿಕೊಂಡೇ ನಕ್ಕ.

"ನಿಂದೊಂದು ಖಾತೆ ಇದೆಯಲ್ವಾ?"

"ಇದೆ ಚಿಕ್ಕ ಸಾಹೇಬ್ರೆ. ಸಂಬಳ ಬೀಳೋದು ಅದಕ್ಕೇ."

"ಅದಕ್ಕೆ ಸ್ವಲ್ಪ ದುಡ್ಡು ಹಾಕಿಸ್ತೀನಿ. ನಮಗೆ ಬೇಕಾದಾಗ ತೆಗೆದುಕೊಡು. ಯಾರ ಹತ್ರಾನೂ ಬಾಯಿ ಬಿಡ್ಬೇಡ."

"ನಂಗೆ ಇದೆಲ್ಲ ಬೇಡ ಸಾಹೇಬ್ರೆ. ನನ್ನದು ಸ್ವಲ್ಪ ಅದರಲ್ಲಿ ಸೇರಿಸಿಟ್ಟಿದ್ದೀನಿ."

"ನಿನ್ನದನ್ನ ಯಾರು ಮುಟ್ತಾರೆ? ಕೇಳಿದ್ನಾ ನಾನು? ಹೇಳ್ತಾ ಇದ್ದೀನಿ."

ಹಾಕಿಸಿದ. ಅವನು ಅಂದ ಸ್ವಲ್ಪ ಎಷ್ಟು ಅಂದರೆ, ಅವಳು ಇನ್ನೆರಡು ಜನ್ಮ ಇಸ್ತ್ರಿ ಹಿಡಿದರೂ ಅಷ್ಟಾಗುತ್ತಿರಲಿಲ್ಲ. ದುಡ್ಡು ಬಂದ ವಾರವೇ ಬ್ಯಾಂಕಿನವರು ವಾಸನೆ ಹಿಡಿದರು. ಅವಳ ಖಾತೆಗೂ ಬೀಗ ಬಿತ್ತು. ಅವನ ದುಡ್ಡಿನ ಜೊತೆಗೆ ಅವಳದೂ ಒಳಗೇ ಉಳಿಯಿತು.

ಅವಳದು ಅಂದರೆ, ಮಾರುಕಟ್ಟೆಯ ಹಿಂದಿನ ಸಾಲಿನಲ್ಲಿ ಒಂದು ಕೋಣೆ. ಕೋಣೆ ಇನ್ನೂ ಅವಳದಾಗಿರಲಿಲ್ಲ, ಆಗಬೇಕಿತ್ತು. ಒಂದು ಬಾಗಿಲು, ಒಂದು ಬಲ್ಬು, ಗಟ್ಟಿ ನೆಲ. ಒಂದು ಮೂಲೆಯಲ್ಲಿ ಅವಳ ಇಸ್ತ್ರಿ ಮೇಜು, ಇನ್ನೊಂದು ಮೂಲೆಯಲ್ಲಿ ತಂಗಿಯ ಹೊಲಿಗೆ ಮೆಷಿನ್ನು. ಅಕ್ಕ ತಂಗಿ ಇಬ್ಬರೂ ಹೊಟ್ಟೆ ಬಟ್ಟೆ ಕಟ್ಟಿ ಮುಂಗಡಕ್ಕೆ ಅಂತ ಕೂಡಿಸಿದ್ದರು. ಕೋಣೆಯ ಒಡತಿ ತರಕಾರಿ ಅಜ್ಜಿ ಒಳ್ಳೆಯವಳು, ಆದರೆ ಅವಳಿಗೂ ಹೊಟ್ಟೆ ಇದೆ. "ಶುಕ್ರವಾರ ಸಂಜೆವರೆಗೂ ಕಾಯ್ತೀನಿ ಮಗಳೇ. ಆಮೇಲೆ ಚಪ್ಪಲಿ ಅಂಗಡಿಯವನಿಗೆ ಕೊಡ್ತೀನಿ, ಬೇಜಾರು ಮಾಡ್ಕೋಬೇಡ" ಅಂದಿದ್ದಳು.

ಅವಳು ಅಮ್ಮಾವರ ಮುಂದೆ ಹೋಗಿ ನಿಂತಳು. "ಅಮ್ಮಾವ್ರೆ, ನನ್ನ ಖಾತೆ ಬಿಡಿಸ್ಕೊಡಿ. ದುಡ್ಡು ನಿಮ್ಮದು ಅಂತ ಒಂದು ಮಾತು ಹೇಳಿದ್ರೆ ನನ್ನದು ಬಿಡ್ತಾರಂತೆ."

ಅಮ್ಮಾವರು ಉಗುರಿಗೆ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದರು. "ನಮ್ಮ ಅಷ್ಟೂ ಖಾತೆ ಹೋಗಿದೆ. ನಾವೇನು ಸತ್ತಿದ್ದೀವಾ? ನಿಂದೊಂದು ಪುಟಗೋಸಿ ಖಾತೆ ಹಿಡ್ಕೊಂಡು ಬಂದಿದೀಯ."

ಪುಟಗೋಸಿ ಖಾತೆ. ಅದರಲ್ಲಿ ಅವರ ಗಂಟು ಬಚ್ಚಿಡುವಾಗ ಅದು ಪುಟಗೋಸಿ ಆಗಿರಲಿಲ್ಲ.

ಬೀಗ ಬಿದ್ದ ಖಾತೆಗಳ ಅಹವಾಲು ಕೇಳಲು ದೊಡ್ಡ ಬ್ಯಾಂಕಿನಲ್ಲಿ ತಿಂಗಳಿಗೊಮ್ಮೆ ಒಬ್ಬ ಅಧಿಕಾರಿ ಬಂದು ಕೂರುತ್ತಿದ್ದರು. ಈ ತಿಂಗಳು ಆ ದಿನ ಬಿದ್ದದ್ದು ಶುಕ್ರವಾರ. ಅವಳು ಅದಕ್ಕೇ ಕಾಯುತ್ತಿದ್ದಳು. ಗುರುವಾರ ಮಧ್ಯಾಹ್ನ ಅಮ್ಮಾವರು ಅವಳನ್ನು ಒಳಗೆ ಕರೆದರು. ದೊಡ್ಡವರು, ಮಗರಾಯ, ಲಾಯರು ಸುತ್ತ ಕೂತಿದ್ದರು. ಎಂದೂ ಇಲ್ಲದ್ದು, ಅವಳನ್ನೂ ಕೂರು ಅಂದರು. ಈ ಮನೆಯವರು ಕೂರು ಅಂದರೆ ಏನೋ ಕಿತ್ತುಕೊಳ್ಳುತ್ತಾರೆ ಅಂತ ಅರ್ಥ.

"ನಾಳೆ ನಾವೂ ಬ್ಯಾಂಕಿನ ಸಾಲಲ್ಲಿ ನಿಲ್ತೀವಿ" ಅಂದರು ದೊಡ್ಡವರು. "ಜನಸಾಮಾನ್ಯರ ಹಾಗೆ. ಟೀವಿಯವರು ಬರ್ತಾರೆ. ಜನರ ಸೇವೆ ಮಾಡಿದೋರಿಗೆ ಎಂಥ ಗತಿ ಬಂದಿದೆ ಅಂತ ಜನ ನೋಡ್ಬೇಕು."

"ನೀನು ಕತ್ತಲೆ ಹರಿಯೋ ಮುಂಚೆ ಹೋಗಿ ಮುಂದೆ ನಿಂತ್ಕೋ" ಅಂದರು ಅಮ್ಮಾವರು. "ನಾವು ಹತ್ತು ಗಂಟೆಗೆ ಬಂದು ಆ ಜಾಗಕ್ಕೆ ನಿಲ್ತೀವಿ. ನೀನು ಹಿಂದುಗಡೆಯಿಂದ ಮನೆಗೆ ಬಾ. ಬಟ್ಟೆ ರಾಶಿ ಬಿದ್ದಿದೆ."

ಅದು ಆ ಮನೆಯ ಪದ್ಧತಿ. ಆಸ್ಪತ್ರೆಯಲ್ಲಿ ಡ್ರೈವರು ನಿಲ್ಲುತ್ತಿದ್ದ, ಇವರು ಹೋಗಿ ತೋರಿಸಿಕೊಳ್ಳುತ್ತಿದ್ದರು. ಓಟಿನ ದಿನ ತೋಟದವನು ನಿಲ್ಲುತ್ತಿದ್ದ, ಇವರು ಹೋಗಿ ಬೆರಳು ತೋರಿಸಿ ಫೋಟೋ ಹೊಡೆಸಿಕೊಳ್ಳುತ್ತಿದ್ದರು. ಬಡವರ ಹಾಗೆ ಸಾಲಲ್ಲಿ ನಿಲ್ಲಬೇಕು ಅಂತ ತೀರ್ಮಾನವಾದರೂ, ಆ ನಿಲ್ಲುವುದನ್ನು ಬಡವಳೇ ಮಾಡಿಕೊಡಬೇಕು. ಆ ಮಾತಿನಲ್ಲಿ ನಗುವಂಥದ್ದು ಏನಾದರೂ ಇದೆ ಅಂತ ಆ ನಾಲ್ವರಲ್ಲಿ ಒಬ್ಬರಿಗೂ ಅನಿಸಲಿಲ್ಲ.

"ಅಮ್ಮಾವ್ರೆ, ನನ್ನ ಖಾತೆದೂ ನಾಳೆ ಅಲ್ಲೇ ಕೇಳ್ಬೇಕು. ನಿಮ್ಮದಾದ ಮೇಲೆ ನಾನೂ ಒಂದು ಮಾತು..."

"ಬೇಡ" ಅಂದರು ಲಾಯರು. ಅವಳು ಬಿಟ್ಟಿ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡಿದ್ದರು. "ನೀನು ಅಲ್ಲಿ ಬಾಯಿ ತೆಗೆದ್ರೆ ಇವರ ಹೆಸರು ಬರುತ್ತೆ. ಮುಂದಿನ ತಿಂಗಳು ನೋಡೋಣ."

"ನಾಳೆ ಸಂಜೆಗೆ ನನ್ನ ಕೋಣೆ ಹೋಗುತ್ತೆ ಸಾಹೇಬ್ರೆ."

"ಯಾವ ಕೋಣೆ?" ಅಂದ ಮಗರಾಯ. ಉತ್ತರಕ್ಕೆ ಕಾಯಲಿಲ್ಲ, ಫೋನು ನೋಡತೊಡಗಿದ.

ಆಮೇಲೆ ಬಟ್ಟೆಯ ಮಾತು ಬಂತು. ಬಡವರ ಹಾಗೆ ಕಾಣುವ ಬಟ್ಟೆ ಬೇಕು. ಅಮ್ಮಾವರು ಬೀರು ಪೂರ್ತಿ ಕೆಳಗೆ ಇಳಿಸಿದರು. ಒಂದೂ ಹಳೆಯದಿಲ್ಲ. ಕೊನೆಗೆ ಇದ್ದದ್ದರಲ್ಲೇ ಸಾದಾ ಅನಿಸಿದ ಮೂರು ಜೊತೆ ಅವಳ ಕೈಗೆ ಹಾಕಿದರು. "ಇಸ್ತ್ರಿ ಮಾಡಿದ ಹಾಗೂ ಇರ್ಬಾರ್ದು, ಮಾಡದ ಹಾಗೂ ಇರ್ಬಾರ್ದು. ಗೊತ್ತಾಯ್ತಾ?"

"ಹಾಗಾದ್ರೆ ಹೇಗಿರ್ಬೇಕು ಅಮ್ಮಾವ್ರೆ?"

"ನಿಮ್ಮ ಬಟ್ಟೆ ಇರುತ್ತಲ್ಲ, ಹಾಗೆ. ಆದ್ರೆ ಕ್ಲೀನಾಗಿ."

ಅವಳು ಸಂಜೆಯವರೆಗೆ ಆ ಕೆಲಸ ಮಾಡಿದಳು. ಮೊದಲು ನೀಟಾಗಿ ಇಸ್ತ್ರಿ ಮಾಡಿದಳು. ಆಮೇಲೆ ಮುಷ್ಟಿಯಲ್ಲಿ ಹಿಡಿದು ಹಿಂಡಿ ಸುಕ್ಕು ಮಾಡಿದಳು. ಆಮೇಲೆ ಆ ಸುಕ್ಕು ಹಾಗೇ ನಿಲ್ಲಲಿ ಅಂತ ಸುಕ್ಕಿನ ಮೇಲೇ ಇಸ್ತ್ರಿ ಒತ್ತಿದಳು. ಇಷ್ಟು ವರ್ಷ ಸುಕ್ಕು ತೆಗೆದು ಬದುಕಿದವಳು ಈಗ ಸುಕ್ಕು ಇಡುತ್ತಿದ್ದಳು. ನಡುವೆ ಕೈ ಜಾರಿ ಮಣಿಕಟ್ಟಿಗೆ ಪೆಟ್ಟಿಗೆ ತಾಗಿತು. ಚುರ್ ಅಂತು. ಸೆರಗಿನ ತುದಿ ಒತ್ತಿಕೊಂಡು ಮತ್ತೆ ಪೆಟ್ಟಿಗೆ ಎತ್ತಿದಳು.

ಮನೆಗೆ ಹೋಗಿ ತಂಗಿಗೆ ಹೇಳಿದಳು. ತಂಗಿ ಗಾರ್ಮೆಂಟಿನಲ್ಲಿ ಗುಂಡಿ ಹಚ್ಚುವವಳು, ಬಾಯಿ ಸ್ವಲ್ಪ ಉದ್ದ. ಸುಟ್ಟ ಜಾಗಕ್ಕೆ ತಣ್ಣೀರು ಹಾಕುತ್ತಾ ಕೇಳಿದಳು.

"ಅಂದ್ರೆ ನೀನು ನಿಲ್ಲೋದು, ಅವರು ಹೋಗೋದು."

"ಹೂಂ."

"ಕೋಣೆ ಚಪ್ಪಲಿಯವನಿಗೆ ಹೋಗೋದು."

"ಏನು ಮಾಡ್ಲಿ ಹೇಳು. ಕೆಲಸ ಹೋದ್ರೆ ಊಟಕ್ಕೇನು ಮಾಡೋಣ?"

"ಅಕ್ಕಾ, ನೀನು ಅವರ ಬಟ್ಟೆಗೆ ಹಾಕೋ ಗಂಜಿ ಸ್ವಲ್ಪ ನಿನ್ನ ಬೆನ್ನಿಗೂ ಹಾಕ್ಕೋ. ನೆಟ್ಟಗೆ ನಿಂತ್ಕೊಳ್ಳುತ್ತೆ."

"ಬಾಯಿ ಮುಚ್ಚೇ."

"ನಂಗೇನು ಬಾಯಿ ಮುಚ್ಚು ಅಂತೀಯ. ಅವರ ಮುಂದೆ ನೀನು ಬಾಯೇ ತೆಗೀಲಿಲ್ಲ."

ಆ ಮಾತು ಅವಳಿಗೆ ಪೆಟ್ಟಿಗೆಗಿಂತ ಜೋರಾಗಿ ತಾಗಿತು.

ಮಾರನೆಯ ದಿನ ಇನ್ನೂ ಬೀದಿ ದೀಪ ಆರಿರಲಿಲ್ಲ, ಅವಳು ಬ್ಯಾಂಕಿನ ಬಾಗಿಲಿಗೆ ಬಂದಳು. ಅಷ್ಟು ಹೊತ್ತಿಗೇ ಜನ ಇದ್ದರು. ಗೋಡೆಗೆ ಒರಗಿ ಕೂತವರು, ಚೀಲದ ಮೇಲೆ ತಲೆಯಿಟ್ಟು ಮಲಗಿದವರು. ಒಬ್ಬ ಗಾರೆಯವನು, ಉಗುರಿನ ಸಂದಿಯಲ್ಲಿ ಸಿಮೆಂಟು. ಅವನ ಖಾತೆಯಲ್ಲಿ ಅಪ್ಪನ ಹೆಸರು ತಪ್ಪಾಗಿದೆ ಅಂತ ಕೂಲಿ ತಡೆದಿದ್ದರು. ಒಬ್ಬಳು ದಾದಿ, ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯ ಬಟ್ಟೆಯಲ್ಲೇ ಬಂದಿದ್ದಳು. ಅವಳ ಗಂಡ ಸಾಲ ಮಾಡಿ ಓಡಿಹೋದದ್ದಕ್ಕೆ ಅವಳ ಸಂಬಳ ಹಿಡಿದಿದ್ದರು. ಯಾರೂ ರಸ್ತೆ ನುಂಗಿದವರಲ್ಲ. ಯಾರೂ ಟೀವಿಗೆ ಹೇಳಿ ಬಂದವರಲ್ಲ.

ಕಾವಲುಗಾರ ಬಂದು ಪೆನ್ನು ತೆಗೆದ. ಸಾಲಿನಲ್ಲಿ ಜಗಳ ಆಗದಿರಲಿ ಅಂತ ಅವನು ಎಲ್ಲರ ಕೈ ಹಿಡಿದು ಮಣಿಕಟ್ಟಿನ ಮೇಲೆ ನಂಬರು ಬರೆಯುತ್ತಿದ್ದ. ಚೀಟಿ ಕೊಟ್ಟರೆ ಜನ ಮಾರಿಕೊಳ್ಳುತ್ತಾರೆ. ಕೈ ಮಾರಿಕೊಳ್ಳಲು ಬರುವುದಿಲ್ಲ. ಒಂದು ಸಲ ಬರೆದರೆ ಎರಡು ದಿನ ಅಳಿಸದ ಶಾಯಿ. ಅಲ್ಲಿ ನಿಂತ ಎಲ್ಲರಿಗೂ ಗೊತ್ತಿದ್ದ ಸಂಗತಿ ಅದು. ಗೊತ್ತಿಲ್ಲದಿದ್ದದ್ದು ಎಂದೂ ಸಾಲಲ್ಲಿ ನಿಲ್ಲದ ಆ ಮನೆಯವರಿಗೆ ಮಾತ್ರ.

"ಎಡಗೈ ಕೊಡಕ್ಕ. ಅಯ್ಯೋ, ಸುಟ್ಕೊಂಡಿದೀಯಲ್ಲ."

"ಬರೀರಿ ಅಣ್ಣಾ, ಪರವಾಗಿಲ್ಲ."

ಸುಟ್ಟ ಗಾಯದ ಪಕ್ಕದಲ್ಲೇ ಅವನು ಬರೆದ. ಏಳು.

ಅವಳು ನಿಂತಳು. ಸೂರ್ಯ ಬಂದ. ಗೋಡೆಯ ನೆರಳು ಕಾಲಿನ ಹತ್ತಿರ ಬಂದು ಜಾರಿಹೋಯಿತು. ದಾದಿ ನಿಂತಲ್ಲೇ ತೂಕಡಿಸಿದಳು, ಗಾರೆಯವನು ಅವಳಿಗೆ ತನ್ನ ಚೀಲ ಕೊಟ್ಟು ಕೂರಿಸಿದ. ಬಾಯಾರಿಕೆ ಆಯಿತು, ಕೂಗಿದಾಗ ಇರದಿದ್ದರೆ ನಂಬರು ಹೋಗುತ್ತದೆ ಅಂತ ಯಾರೂ ನಲ್ಲಿಗೆ ಹೋಗಲಿಲ್ಲ. ಹೆಂಗಸರು ಹೊರಗೆ ಹೋಗುವ ಅವಸರವನ್ನೂ ಹಲ್ಲು ಕಚ್ಚಿ ತಡೆದರು. ಒಬ್ಬರ ಕಷ್ಟ ಒಬ್ಬರು ಕೇಳುತ್ತಾ ನಿಂತಿದ್ದರು. ಗಾರೆಯವನು ಅವಳನ್ನು ಕೇಳಿದ, "ನಿಮ್ಮದೇನಕ್ಕ ತಾಪತ್ರಯ?" ಅವಳು ಹೇಳಿದಳು. ಪೂರ್ತಿ ಹೇಳಿದಳು, ಯಾರ ದುಡ್ಡು, ಯಾರ ಬೀಗ, ಯಾರ ಜಾಗಕ್ಕೆ ನಿಂತಿದ್ದಾಳೆ, ಎಲ್ಲ. ಜೋರಾಗಿ ಹೇಳಿಬಿಟ್ಟ ಮೇಲೆ ಅವಳಿಗೇ ಅದು ಎಷ್ಟು ಹೊಲಸು ಅಂತ ಗೊತ್ತಾಯಿತು. ಗಾರೆಯವನು ಪಕ್ಕಕ್ಕೆ ಉಗಿದ. "ನೀವು ಬಿಟ್ಕೊಡ್ತೀರಾ?" ಅಂತ ಮಾತ್ರ ಕೇಳಿದ.

ಹತ್ತು ದಾಟಿದ ಮೇಲೆ ದೊಡ್ಡವರು, ಅಮ್ಮಾವರು, ಮಗರಾಯ ಬಂದರು. ಕಾರು ಮೂಲೆಯ ಆಚೆ ಬಿಟ್ಟು ನಡೆದು ಬಂದರು. ಅಮ್ಮಾವರು ಬಾಟಲಿಯ ನೀರನ್ನು ಹಣೆಗೆ ಚಿಮುಕಿಸಿಕೊಂಡು ಬೆವರು ಮಾಡಿಕೊಂಡಿದ್ದರು. ಅವಳು ಇಟ್ಟ ಸುಕ್ಕು ಚೆನ್ನಾಗಿಯೇ ನಿಂತಿತ್ತು. ಆದರೆ ಸುಕ್ಕಿನ ಕೆಳಗೆ ಆ ಹೊಳೆಯುವ ಬೂಟು. ಬೂಟು ಯಾರಿಗೂ ನೆನಪಾಗಿರಲಿಲ್ಲ. ಮುಂದೆ ಮೈಕು ಹಿಡಿದ ಹುಡುಗಿ, ಹಿಂದೆ ಕ್ಯಾಮೆರಾದವರು, ಅವರ ಜೊತೆ ಲಾಯರು.

"ನೋಡಮ್ಮಾ" ಎಂದು ದೊಡ್ಡವರು ಮೈಕಿಗೆ ಶುರು ಮಾಡಿದರು. "ಬೆಳಗಿನ ಜಾವದಿಂದ ನಾವೂ ಎಲ್ಲರ ಹಾಗೆ ಸಾಲಲ್ಲಿ ನಿಂತಿದ್ದೀವಿ. ಯಾಕೆ ಅಂದ್ರೆ ನಮ್ಮ ಹತ್ರ ಒಂದು ಕಾಸಿಲ್ಲ. ಒಂದು ಖಾತೆ ಇಲ್ಲ. ಹೊರಗಿಟ್ಟುಬಿಟ್ಟಿದ್ದಾರೆ ನಮ್ಮನ್ನ, ತಾಯಿ."

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಮಾತು ಮುಗಿಸಿ ಮೂವರೂ ನೇರ ಮುಂದಕ್ಕೆ ನಡೆದು ಬಂದರು. ಅಲ್ಲೊಂದು ಸಾಲಿದೆ, ಅದಕ್ಕೊಂದು ಬಾಲ ಇದೆ ಅನ್ನುವುದು ಅವರ ಕಣ್ಣಿಗೆ ಬೀಳಲೇ ಇಲ್ಲ. ಅಮ್ಮಾವರು ಅವಳ ಪಕ್ಕಕ್ಕೆ ಬಂದು ತುಟಿ ಅಲ್ಲಾಡಿಸದೆ ಅಂದರು, "ಸರಿ ಆಚೆ. ಹೋಗು ಮನೆಗೆ."

ಬಾಗಿಲಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ. "ನಂಬರು ತೋರ್ಸಿ."

"ನಾನು ಯಾರು ಗೊತ್ತಾ?" ಅಂದರು ದೊಡ್ಡವರು.

"ಗೊತ್ತು ಸಾಹೇಬ್ರೆ. ನಂಬರು ತೋರ್ಸಿ."

"ಎಂಥ ನಂಬರು?"

ಕಾವಲುಗಾರ ಅವಳ ಕೈ ತೋರಿಸಿದ. ಏಳು. ಮೂವರೂ ಅವಳ ಮಣಿಕಟ್ಟು ನೋಡಿದರು. ಇಷ್ಟು ವರ್ಷದಲ್ಲಿ ಅವಳ ಕೈಯನ್ನು ಅವರು ನೋಡಿದ್ದು ಅವತ್ತೇ.

"ಆ ನಂಬರು ನಮ್ಮದು" ಅಂದ ಮಗರಾಯ. "ನಾವೇ ನಿಲ್ಲಿಸಿದ್ದು ಇವಳನ್ನ. ನಮ್ಮ ಮನೆ ಇಸ್ತ್ರಿ."

"ಇರ್ಬಹುದು ಸ್ವಾಮಿ. ನಂಬರು ಅವರ ಕೈ ಮೇಲಿದೆ. ಆ ಕೈ ಎಲ್ಲಿ ಹೋಗುತ್ತೋ ನಂಬರೂ ಅಲ್ಲೇ ಹೋಗುತ್ತೆ."

ಅಮ್ಮಾವರಿಗೆ ಪಿತ್ತ ನೆತ್ತಿಗೇರಿತು. ಕ್ಯಾಮೆರಾದವರು ದೊಡ್ಡವರ ಕಡೆ ತಿರುಗಿದ್ದರು. ಅಷ್ಟು ಸಾಕಾಯಿತು. ಅಮ್ಮಾವರು ಅವಳ ಕೈ ಎಳೆದು ಹಿಡಿದರು. ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಎಂಜಲು ಮಾಡಿಕೊಂಡು ಅವಳ ಮಣಿಕಟ್ಟು ಉಜ್ಜತೊಡಗಿದರು. ಮೇಜಿನ ಮೇಲಿನ ಕಲೆ ಉಜ್ಜುವ ಹಾಗೆ ಉಜ್ಜಿದರು. ಬಣ್ಣ ಹಚ್ಚಿದ ಉಗುರು ಸುಟ್ಟ ಗಾಯಕ್ಕೆ ತಾಗಿತು. ಬೊಬ್ಬೆ ಒಡೆದು ನೀರು ಬಂತು. "ಅಳ್ಸು. ಅಳ್ಸಿಬಿಟ್ಟು ಹೋಗು. ನಮ್ಮ ಅನ್ನ ತಿಂದು ನಮ್ಮ ಮಾನ ಕಳೀತೀಯೇನೇ?"

ಸಾಲು ನೋಡುತ್ತಿತ್ತು. ದಾದಿ ಎದ್ದು ನಿಂತಿದ್ದಳು.

ಅವಳಿಗೆ ನೋವಾಗಲಿಲ್ಲ. ಅಸಹ್ಯವಾಯಿತು. ಈ ಹೆಂಗಸಿನ ಎಂಜಲು ತನ್ನ ಗಾಯದ ಮೇಲೆ. ಎಷ್ಟು ವರ್ಷ ಇವರ ಬೆವರು, ಇವರ ಕೊಳೆ, ಇವರ ಊಟದ ಕಲೆ ತಿಕ್ಕಿದ್ದಳು. ತಿಕ್ಕಿ ತಿಕ್ಕಿ ಇವರನ್ನು ಬೆಳ್ಳಗೆ ಮಾಡಿ ಹೊರಗೆ ಕಳಿಸಿದ್ದಳು. ಹೆದರಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಇಂಥವರಿಗೆ ಹೆದರಿದ್ದೆನಾ ಅಂತ ತನ್ನ ಮೇಲೇ ಸಿಟ್ಟು ಬಂತು.

ಕೈ ಕಿತ್ತುಕೊಂಡಳು.

"ಬಿಡಿ ಕೈ."

"ಏನಂದೆ?"

"ಕೈ ಬಿಡಿ ಅಂದೆ. ಇದು ನನ್ನ ಕೈ. ಬೆಳಿಗ್ಗೆಯಿಂದ ನಿಂತಿದ್ದು ನನ್ನ ಕಾಲು. ಸಾಲು ಬೇಕಾದ್ರೆ ಅಲ್ಲಿದೆ ನೋಡಿ ಬಾಲ, ಹೋಗಿ ನಿಂತ್ಕೊಳ್ಳಿ."

"ಕೆಲಸ ಬೇಡ್ವಾ ನಿಂಗೆ?"

"ಬೇಡ."

ಇಷ್ಟು ಸುಲಭವಾಗಿ ಬರುವ ಮಾತು ಅದು ಅಂತ ಅವಳಿಗೂ ಗೊತ್ತಿರಲಿಲ್ಲ. ಕ್ಯಾಮೆರಾ ಈ ಕಡೆ ತಿರುಗುತ್ತಿರುವುದನ್ನು ಕಂಡು ಲಾಯರು ಓಡಿ ಬಂದರು. "ಹಿಂದೆ ಹೋಗೋಣ, ಹಿಂದೆ ಹೋಗೋಣ, ಅದೇ ಚೆನ್ನಾಗಿ ಕಾಣುತ್ತೆ" ಎಂದು ಮೂವರನ್ನೂ ಸಾಲಿನ ಕೊನೆಗೆ ಸಾಗಿಸಿದರು. ದೊಡ್ಡವರು ಹೋಗುತ್ತಾ ಜನರಿಗೆ ಕೈ ಮುಗಿದರು. ಯಾರೂ ತಿರುಗಿ ಮುಗಿಯಲಿಲ್ಲ. "ಮೆಲ್ಲಗೆ ಹೋಗಿ ಯಜಮಾನ್ರೇ, ಹೊಸಬರಿಗೆ ಮೊದಲು ಸಾಲು ಉದ್ದ ಅನ್ಸುತ್ತೆ" ಅಂದ ಗಾರೆಯವನು.

ಏಳು ಅಂತ ಕೂಗಿದರು. ಅವಳು ಒಳಗೆ ಹೋದಳು.

ಗಾಜಿನ ಆಚೆ ಕೂತಿದ್ದ ಅಧಿಕಾರಿ ಕನ್ನಡಕದ ಹೆಂಗಸು. ಬೇಸರದ ಮುಖ. ಕಂಪ್ಯೂಟರಿನ ಪರದೆ ನೋಡಿದರು, ಅವಳ ಚಪ್ಪಲಿ ನೋಡಿದರು, ಮತ್ತೆ ಪರದೆ ನೋಡಿದರು.

"ಇಷ್ಟು ದುಡ್ಡು ನಿಂದಾ?"

"ಅಲ್ಲ ಮೇಡಂ. ತಿಂಗಳು ತಿಂಗಳು ಸಣ್ಣದಾಗಿ ಬಿದ್ದಿದೆಯಲ್ಲ, ಅಷ್ಟೇ ನನ್ನದು. ಒಂದೇ ಸಲ ಬಂದು ಬಿದ್ದಿದ್ದು ನನ್ನದಲ್ಲ."

"ಹಾಗಾದ್ರೆ ಯಾರದು?"

"ಹೊರಗೆ ಸಾಲಿನ ಕೊನೇಲಿ ನಿಂತು, ಒಂದು ಕಾಸಿಲ್ಲ ಅಂತ ಅಳ್ತಿದ್ದಾರಲ್ಲ. ಅವರದು."

ಅಧಿಕಾರಿಯ ಬೇಸರ ಹೋಯಿತು. ಕನ್ನಡಕ ಸರಿಮಾಡಿಕೊಂಡರು. "ಕೆಲಸದ ಜಾಗ ಯಾವುದು?"

"ಇವತ್ತು ಬೆಳಿಗ್ಗೆವರೆಗೂ ಅವರ ಮನೆ."

"ಅವರು ಬಂದು ತಮ್ಮದು ಅಂತ ಒಪ್ಕೊಂಡ್ರೆ ದುಡ್ಡಿನ ಜೊತೆ ಅವರಿಗೂ ವಿಚಾರಣೆ ಆಗುತ್ತೆ. ತಮ್ಮದಲ್ಲ ಅಂದ್ರೆ ಅದು ಸರ್ಕಾರಕ್ಕೆ ಹೋಗುತ್ತೆ. ಎರಡರಲ್ಲಿ ಯಾವುದಾದ್ರೂ ನಿನ್ನದನ್ನ ಬೇರೆ ಮಾಡಿ ಇವತ್ತೇ ಬಿಡಬಹುದು. ಆದ್ರೆ ಅವರ ಬಾಯಿಂದ ಬರ್ಬೇಕು." ಅಧಿಕಾರಿ ಕಾವಲುಗಾರನನ್ನು ಕರೆದು ಮೆಲ್ಲಗೆ ಹೇಳಿದರು.

ಕಾವಲುಗಾರನಿಗೆ ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ. ಬಾಗಿಲನ್ನು ಅಗಲ ತೆರೆದು ಸಾಲಿನ ಕೊನೆ ಮುಟ್ಟುವ ಹಾಗೆ ಕೂಗಿದ.

"ಮಾಜಿ ಮಂತ್ರಿ ಸಾಹೇಬ್ರು ಒಳಗೆ ಬರ್ಬೇಕಂತೆ. ಏಳನೇ ನಂಬರಿನ ಅಕ್ಕನ ಖಾತೇಲಿ ತಾವು ಇಟ್ಟಿರೋ ದುಡ್ಡಿನ ವಿಷಯ. ನಂಬರು ಬೇಡ. ನೇರ ಬರಬಹುದು."

ಸಾಲು ಎರಡು ಭಾಗವಾಗಿ ದಾರಿ ಬಿಟ್ಟಿತು. ಯಾರೂ ಗೊಣಗಲಿಲ್ಲ. ಗಾರೆಯವನು ಗೋಡೆಗೆ ಅಂಟಿ ನಿಂತು, "ಬನ್ನಿ ಬನ್ನಿ, ಮುಂದೆ ಬನ್ನಿ" ಅಂದ. ಹುಟ್ಟಿದಾಗಿನಿಂದ ಮುಂದೆ ಹೋಗಿಯೇ ಅಭ್ಯಾಸವಿದ್ದವರು ಕದಲಲಿಲ್ಲ. ಮೈಕಿನ ಹುಡುಗಿ ಓಡಿದಳು, ಕ್ಯಾಮೆರಾಗಳೂ ಅವಳ ಹಿಂದೆ ಓಡಿದವು. ಗಾಜಿನ ಮುಂದೆ ನಿಂತಿದ್ದವಳಿಗೆ ತೆರೆದ ಬಾಗಿಲಿನಿಂದ ಎಲ್ಲ ಕೇಳಿಸುತ್ತಿತ್ತು.

"ಸರ್, ಆ ದುಡ್ಡು ನಿಮ್ಮದಾ?"

"ನಮ್ಮದಲ್ಲ" ಅಂದರು ದೊಡ್ಡವರು. ಜೋರಾಗಿ ಅಂದರು. "ನಮ್ಮ ಹತ್ರ ದುಡ್ಡೆಲ್ಲಿದೆ?"

"ಆದ್ರೆ ಅವರು ನಿಮ್ಮ ಮನೇಲಿ ಕೆಲಸ ಮಾಡ್ತಾರಂತಲ್ಲ?"

"ಯಾರು?" ಇದು ಅಮ್ಮಾವರ ದನಿ. "ಆ ಹೆಂಗಸಾ? ಅವಳು ಯಾರೋ ನಮಗೆ ಗೊತ್ತೇ ಇಲ್ಲ."

ಆಮೇಲೆ ಬೂಟಿನ ಸದ್ದು. ಕಾರಿನ ಬಾಗಿಲು ಒಂದಾದ ಮೇಲೆ ಒಂದು ಮುಚ್ಚಿಕೊಂಡ ಸದ್ದು.

ಅಧಿಕಾರಿ ಅವಳ ಮುಖ ನೋಡಿದರು. ಪಾಪ ಅನಿಸಿರಬೇಕು. "ಕೇಳಿಸ್ತಾ? ನೀನು ಯಾರೋ ಗೊತ್ತೇ ಇಲ್ಲ ಅಂದ್ಬಿಟ್ರು."

"ಕೇಳಿಸ್ತು ಮೇಡಂ" ಅಂದಳು ಅವಳು. "ಹಾಗೇ ಬರ್ಕೊಳ್ಳಿ. ಹನ್ನೊಂದು ವರ್ಷ ಆ ಮನೇಲಿದ್ದೆ, ಅವರು ನಿಜ ಹೇಳಿದ್ದು ಇದೊಂದೇ."